ಚಿಲಕ ಒಳಗೆ ಬಂದ ದಿನ

ಬೀಗದಕ್ಕನ ಮುತ್ತಜ್ಜ ಅರಮನೆಯ ಬೊಕ್ಕಸಕ್ಕೆ ಹಾಕಿದ ಬೀಗವನ್ನು ಕಳ್ಳರಿರಲಿ, ರಾಜನೇ ತೆಗೆಯಲಾರದೆ ಪಟ್ಟಕ್ಕೇರುವ ದಿನ ಕಿರೀಟವಿಲ್ಲದೆ ಬೋಳುತಲೆಯಲ್ಲಿ ಕೂತನಂತೆ. ಅಜ್ಜ ಊರ ಜೈಲಿನ ಬಾಗಿಲುಗಳಿಗೆಲ್ಲ ಚಿಲಕ ಜಡಿದವನು. ಅಪ್ಪ ತನ್ನ ಬಾಯಿಗೇ ಬೀಗ ಹಾಕಿಕೊಂಡು ತಲೆ ನರೆಯುವ ತನಕ ಬಾಳಿದವನು. ಆ ಊರಿನಲ್ಲಿ ಅದೇನು ಸಣ್ಣ ಕಸುಬಲ್ಲ. ಆ ಕಿರೀಟದ ಫಜೀತಿಯಾದ ಮೇಲೆ ಈ ಮನೆತನಕ್ಕೆ ಒಂದು ಕಟ್ಟಳೆ ಬಂದಿತ್ತು: ಬೀಗವಾಗಲಿ ಚಿಲಕವಾಗಲಿ, ಹಾಕಿದವರೇ ನಾಲ್ಕು ಜನರ ಎದುರು ತೆಗೆದು ತೋರಿಸಬೇಕು. ಅಲ್ಲಿಯವರೆಗೆ ಕೆಲಸ ಮುಗಿದಂತಲ್ಲ.

"ಹಾಕೋದು ಕತ್ತೆಗೂ ಬರುತ್ತೆ ಮಗಳೇ, ತೆಗೆದು ತೋರಿಸೋದೇ ಕಸುಬು" ಎಂಬುದು ಅಪ್ಪ ಆಡಿದ ಕೆಲವೇ ಮಾತುಗಳಲ್ಲಿ ಒಂದು.

ಕಸುಬು ಅಕ್ಕನ ಕೈಗೆ ಬಂತು. ಅವಳ ತಮ್ಮನಿಗೆ ಕಬ್ಬಿಣ ಒಗ್ಗಲಿಲ್ಲ, ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಅಪ್ಪನ ಬಾಯಿಬೀಗವೂ ಅವನಿಗೆ ಬರಲಿಲ್ಲ. "ಪರದೇಶದೋರು ಬಂದಾಗ ಮಾತ್ರ ಬೀದಿದೀಪ ಉರೀತದಲ್ಲಾ, ಅವ್ರಿಗೇನು ಇರುಳುಗುರುಡಾ?" ಎಂದು ಏಣಿಯ ಮೇಲಿಂದ ಒಂದು ದಿನ ಕೇಳಿಬಿಟ್ಟ. ಇಳಿಯುವಷ್ಟರಲ್ಲಿ ಕೆಳಗೆ ಪೊಲೀಸರು. ಅವನ ಜೊತೆಗೆ ಏಣಿಯನ್ನೂ ಒಳಗೆ ಹಾಕಿದರು; ಎತ್ತರದಲ್ಲಿ ಮಾತಾಡಲು ಕುಮ್ಮಕ್ಕು ಕೊಟ್ಟ ಆರೋಪ ಅದರ ಮೇಲೆ.

ಅಕ್ಕ ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿದಳು. ಅತ್ತ ದೇಶದೇಶಗಳ ರಾಯಭಾರಿಗಳು ಕಳವಳಪಡತೊಡಗಿದರು. ಮೊದಲು ಬರೀ ಕಳವಳ, ಆಮೇಲೆ ತೀವ್ರ ಕಳವಳ, ಅದೂ ಸಾಲದೆ ಆಳವಾದ ಕಳವಳ. ಅಕ್ಕ ರೇಡಿಯೋದ ಕಿವಿ ಹಿಂಡುತ್ತಿದ್ದಳು. "ಅವ್ರ ಹೊಟ್ಟೆ ತೊಳಸಿದ್ರೆ ನನ್ನ ತಮ್ಮನ ಬಾಗಿಲು ತೆಗೀತದಾ?"

ಕಡೆಗೆ ರಾಯಭಾರಿಗಳು, ಜನರನ್ನು ಹೊರಗಿನಿಂದ ಚಿಲಕ ಹಾಕಿ ಕೂಡಿಡುವುದು ಸಲ್ಲದು, ನಾವೇ ಬಂದು ನೋಡುತ್ತೇವೆ ಎಂದರು. ಸರ್ಕಾರ ಮರುಮಾತಿಲ್ಲದೆ ಒಪ್ಪಿತು. ಚಿಲಕಗಳನ್ನೆಲ್ಲ ಒಳಗಡೆ ಹಾಕಿಸಲು ಹುಕುಂ ಹೊರಟಿತು.

ಜೈಲಿನ ಸಾಹೇಬರು ಅಕ್ಕನನ್ನು ಕರೆಸಿದರು. "ಎಲ್ಲಾ ಒಳಗಡೆಗೆ ಹಾಕು. ಇವ್ರು ತಾವಾಗೇ ಇರೋರು ಅಂತ ತೋರಿಸ್ಬೇಕು. ಬಂದೋರ ಕಾರು ಆ ತಿರುವು ದಾಟಿದ ತಕ್ಷಣ ವಾಪಸ್ ಹೊರಗಡೆಗೆ."

"ನಡುವೆ ಯಾರಾದ್ರೂ ತೆಗೆದ್ಬಿಟ್ರೆ ಸ್ವಾಮಿ?"

"ತೆಗೆದೋರ ಬೆನ್ನು ಸುಲೀತೀನಿ ಅಂತ ಹೇಳಿಟ್ಟಿದೀನಿ."

ಅಕ್ಕ ಕೋಣೆಯಿಂದ ಕೋಣೆಗೆ ಚಿಲಕ ಬದಲಿಸುತ್ತ ಬಂದಳು. ತಮ್ಮನ ಕೋಣೆಯನ್ನು ಬೇಕೆಂದೇ ಕಡೆಗೆ ಉಳಿಸಿಕೊಂಡಿದ್ದಳು.

"ಅಕ್ಕಾ, ನೀನೂ ಏನಾದ್ರೂ ಅಂದ್ಬಿಟ್ಯಾ?" ಎಂದ ತಮ್ಮ ಗಾಬರಿಯಿಂದ.

"ಇಲ್ವೋ ಬಾಯಿಬಡುಕ, ಕೆಲಸಕ್ಕೆ ಬಂದಿದೀನಿ. ಚಪ್ಪಲಿ ಮೆಟ್ಕೋ."

ತಾನೂ ಒಳಗೇ ನಿಂತು ಚಿಲಕ ಜಡಿದಳು. ಅಷ್ಟರಲ್ಲಿ ಅತಿಥಿಗಳು ಬಂದರು. ಅವರ ಮುಂದಾಳು ನಮ್ಮ ಮಾತು ಕಲಿತ ಒಬ್ಬ ಹೆಂಗಸು.

"ನೋಡಿ ಮೇಡಂ, ಚಿಲಕ ಅವರ ಕೈಯಲ್ಲೇ ಇದೆ. ಬೇಕೆಂದಾಗ ಎದ್ದು ಹೋಗಬಹುದು" ಎಂದರು ಸಾಹೇಬರು.

ಒಳಗಿನಿಂದ ದನಿ ಬಂತು. "ಸ್ವಾಮಿ, ಕೆಲಸ ಇನ್ನೂ ಮುಗಿದಿಲ್ಲ. ತೆಗೆದು ತೋರಿಸ್ಬೇಕು."

"ಬೇಡ ಬೇಡ, ನಂಬಿದೀವಿ!" ಎಂದರು ಸಾಹೇಬರು.

"ನೀವು ನಂಬ್ತೀರಿ, ನಮ್ಮಪ್ಪ ನಂಬಲ್ವಲ್ಲಾ."

ಬೆಣ್ಣೆಯಿಂದ ಕೂದಲು ತೆಗೆದಂತೆ ಚಿಲಕ ಸರಿಯಿತು. ಅಕ್ಕ ತಮ್ಮನ ಕೈ ಹಿಡಿದು ಹೊರಬಂದಳು. ಸಾಹೇಬರ ಮುಖ ಹರಳೆಣ್ಣೆ ಕುಡಿದಂತಾಯಿತು. ಹಲ್ಲು ಮಾತ್ರ ಅತಿಥಿಗಳಿಗಾಗಿ ನಗುತ್ತಲೇ ಇದ್ದವು. ಪಹರೆಯವನು ಲಾಠಿ ಎತ್ತಿದ. ಅತಿಥಿಗಳು ತನ್ನನ್ನೇ ನೋಡುತ್ತಿದ್ದುದನ್ನು ಕಂಡು, ಎತ್ತಿದ ಲಾಠಿಯಿಂದಲೇ ದಾರಿ ತೋರಿಸಿದ.

"ಏಣಿ ಅಕ್ಕಾ?"

"ಸುಮ್ನೆ ನಡಿಯೋ!"

ಗೇಟಿನ ಬಳಿ ಪರದೇಶದ ಹೆಂಗಸು ಏದುಸಿರು ಬಿಡುತ್ತ ಓಡಿಬಂದಳು. "ನನಗೆ ಬಹಳ ಕಳವಳವಾಗುತ್ತಿದೆ. ಮತ್ತೆ ಹಿಡಿದರೆ? ನಮ್ಮ ಕಾರು ಹತ್ತಿ, ಮನೆಗೆ ಬಿಡುತ್ತೇವೆ."

ಹಿಂದೆ, ಜೈಲಿನೊಳಗಿನ ಓಣಿಯ ಆ ತುದಿಯಲ್ಲಿ, ಇನ್ನೊಂದು ಚಿಲಕ ಸರಿದ ಸದ್ದಾಯಿತು. ಅಕ್ಕ ಕಿವಿಗೊಟ್ಟು ಕೇಳಿದಳು, ತನ್ನ ಕೈಕೆಲಸವೇ.

"ಬೇಡ ಕಣಮ್ಮಾ, ನಮಗೆ ಕಾಲಿದೆ. ಮನೇಲಿ ಚಿಲಕ ಒಳಗಡೆನೇ ಇದೆ. ನಿಮ್ಮ ಕಾರು ಆ ತಿರುವು ದಾಟಿದ್ರೆ ಇಲ್ಲಿನವು ಮತ್ತೆ ಹೊರಗಡೆಗೆ ಹೋಗ್ತವೆ. ನಮ್ಮನ್ನ ಬಿಟ್ಟು ಬರೋಕೆ ಹೋಗ್ಬೇಡಿ. ಆ ಬಾಗಿಲುಗಳ ಎದುರಿಗೆ ಒಂದು ಕುರ್ಚಿ ಹಾಕ್ಕೊಂಡು ಕೂತು, ಎಷ್ಟು ಬೇಕೋ ಅಷ್ಟು ಕಳವಳಪಡಿ. ಎಲ್ಲಾರೂ ಹೊರಗೆ ಬರೋ ತನಕ ಏಳ್ಬೇಡಿ."