ಜಯರಾಮರ ಎಡದ ಕಾರ್ಬೊರೇಟರ್

ನನ್ನ ಗಂಡ ಜಯರಾಮರ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಅವರ ಹಠದ ಬಗ್ಗೆ ಹೇಳುತ್ತೇನೆ, ಸಾಂಬಾರಿನ ಬಗ್ಗೆ ಆಮೇಲೆ. ನಾವು ಉಡುಪಿ ಕಡೆಯವರು. ನಾಸಿಕದ ದಿಂಡೋರಿ ರಸ್ತೆಯಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ದ್ರಾಕ್ಷಿ ಲಾರಿಯವರು ಬೆಳಿಗ್ಗೆ ಇಡ್ಲಿಗೆ ನಿಲ್ಲಿಸುತ್ತಾರೆ, ಮಧ್ಯಾಹ್ನ ಊಟಕ್ಕೆ ಸುತ್ತಲಿನ ಕೆಲಸದವರು ಬರುತ್ತಾರೆ. ರುಬ್ಬುವ ಯಂತ್ರ ಮತ್ತು ಹೊಗೆ ಎಳೆಯುವ ಫ್ಯಾನಿನ ಗದ್ದಲದ ನಡುವೆಯೇ ಅವರ ಆಯುಷ್ಯದ ಹೆಚ್ಚಿನ ಭಾಗ ಕಳೆದಿದೆ. ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದು ಬೈಕು. ಕುಡಿತವೇ ವಾಸಿ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅದು ಜಪಾನಿನ ಹಳೆಯ ಬೈಕು. ಎರಡು ಸಿಲಿಂಡರ್, ಎರಡು ಕಾರ್ಬೊರೇಟರ್. ಎರಡೂ ಒಂದೇ ಸಮನೆ ಗಾಳಿ ಎಳೆಯಬೇಕಂತೆ. ಒಂದು ಹೆಚ್ಚು, ಒಂದು ಕಡಿಮೆ ಎಳೆದರೆ ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದೆತ್ತು ಮುಂದೆ, ಒಂದೆತ್ತು ಹಿಂದೆ ಹೋದಂತೆ. ವರ್ಷದಿಂದ ಆದದ್ದು ಅದೇ. ಹೋಟೆಲಿನ ಹಿತ್ತಲಿನಲ್ಲಿ ಶುರು ಮಾಡಿದರೆ ನಿಂತಲ್ಲೇ ಗಡಗಡ ನಡುಗುತ್ತದೆ, ಶೆಲ್ಫಿನ ಲೋಟಗಳೂ ಅದರ ಜೊತೆ ನಡುಗುತ್ತವೆ. ಕೊನೆಗೆ ನನಗೆ ತಲೆ ಕೆಟ್ಟು, ಸಂಭಾಜಿನಗರದಲ್ಲಿ ಲಾಡ್ಜ್ ನಡೆಸುವ, ಹಳೆಯ ಬೈಕುಗಳ ಹುಚ್ಚಿರುವ ಯಶವಂತನಿಗೆ ನಾನೇ ಫೋನ್ ಮಾಡಿದೆ. ಭಾನುವಾರ ಅವನು ಬರುವುದರೊಳಗೆ ಬೈಕು ಸರಿಯಾದರೆ ಇಲ್ಲಿರುತ್ತದೆ, ಇಲ್ಲದಿದ್ದರೆ ಅವನ ಟೆಂಪೋ ಹತ್ತುತ್ತದೆ. ಇವರು ಒಪ್ಪಿದರು. ಒಪ್ಪಿದ್ದು ನನ್ನ ಮಾತಿಗಲ್ಲ, ಸರಿ ಮಾಡಿಯೇ ತೀರುತ್ತೇನೆಂಬ ಹಠಕ್ಕೆ.

ಗ್ಯಾರೇಜಿಗೆ ಕೊಡಿ ಎಂದರೆ ಕೊಡುವವರಲ್ಲ. ಮನ್ಮಾಡಿನ ಮೆಕ್ಯಾನಿಕ್ ಮಹಿಬೂಬ ಎಂದೋ ಕಲಿಸಿಕೊಟ್ಟ ವಿದ್ಯೆಯೊಂದು ಇವರ ಬಳಿ ಇದೆ. ಎರಡು ರಬ್ಬರ್ ಪೈಪು. ಎಡದ ಕಾರ್ಬೊರೇಟರಿನ ಬಾಯಿಗೆ ಹಿಡಿದದ್ದು ಎಡಗಿವಿಗೆ, ಬಲದ್ದು ಬಲಗಿವಿಗೆ. ಎರಡೂ ಕಡೆ ಉಸಿರಿನ ಸದ್ದು ಸಮನಾಗಿ ಕೇಳುವವರೆಗೆ ಸ್ಕ್ರೂ ತಿರುಗಿಸುವುದು. ಡಾಕ್ಟರರ ಹಾಗೆ ಕಣ್ಣು ಮುಚ್ಚಿ ಕೂತುಬಿಡುತ್ತಾರೆ. ಕ್ಯಾಶಿನಿಂದ ನಾನು ಕೂಗಿದರೆ ಉತ್ತರವಿಲ್ಲ. ಕೋಣನ ಮುಂದೆ ಕಿನ್ನರಿ.

ಕಿವಿಯಿಂದ ಆಗದಾಗ ಮೀಟರಿನ ಹುಚ್ಚು ಹಿಡಿಯಿತು. ಒಳ್ಳೆಯದು ನಮ್ಮ ಕೈಗೆಟುಕುವುದಿಲ್ಲವೆಂದು ಮೊಬೈಲಿನಲ್ಲಿ ಹುಡುಕಿ ಹುಡುಕಿ ಅಗ್ಗದ್ದೊಂದು ತರಿಸಿದರು. ಎರಡು ಗಡಿಯಾರದಂಥ ಮುಖ, ಎರಡು ಮುಳ್ಳು. ಶುರು ಮಾಡಿದೊಡನೆ ಮುಳ್ಳುಗಳು ಚಳಿಜ್ವರ ಬಂದಂತೆ ನಡುಗಿದವು. ಪೈಪನ್ನು ಸ್ವಲ್ಪ ಹಿಚುಕಿ ಹಿಡಿದಾಗ ನಿಂತವು. ಬಲದ ಮುಳ್ಳು ಮೇಲೆ, ಎಡದ್ದು ಕೆಳಗೆ.

“ಇದು ಬರೇ ಬೊಗಳೆ,” ಎಂದರು. “ಬಲದ್ದು ಜಾಸ್ತಿ ಎಳೀತದೆ ಅಂತ ತೋರಿಸ್ತದೆ. ನನ್ನ ಕಿವಿಗೆ ಎರಡೂ ಸಮ ಉಂಟು.”

“ಸಮ ಇದ್ರೆ ಬೈಕ್ ಯಾಕೆ ನಡುಗ್ತದೆ?”

“ಕಾರ್ಬೊರೇಟರಿನ ಬುಡದ ರಬ್ಬರ್ ಹೋಗಿರ್ಬೇಕು.”

ರಬ್ಬರೂ ಹೊಸದು ಬಂತು. ನಡುಕ ಹಾಗೆಯೇ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಜೋರಾಗಿಯೇ ಹೇಳಿದೆ.

ಆಗ ಸಿಕ್ಕಿದವನು ರಾಚಪ್ಪ. ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಗೌಂಡಿ, ವಿಜಯಪುರದ ಕಡೆಯವನು, ಮಧ್ಯಾಹ್ನದ ಊಟ ನಮ್ಮಲ್ಲೇ. ಇವರ ಪಾಡು ನೋಡಿ ಅವನಿಗೆ ಮರುಕ ಬಂತು.

“ಎರಡೂ ಕಡೆ ಸಮ ಐತಿಲ್ಲೋ ನೋಡಾಕ ಮೀಟರ್ ಯಾಕ್ರಿ ಸಾವ್ಕಾರ್ರ? ನನ್ನ ಕಡೆ ಲೆವೆಲ್ ಪೈಪ್ ಐತ್ರಿ. ನೀರ ಹಾಕ್ರಿ. ಗ್ವಾಡಿ ಸುಳ್ಳ ಹೇಳಬಹುದು, ನೀರ ಹೇಳಂಗಿಲ್ಲ.”

ಗೋಡೆಯ ಮಟ್ಟ ನೋಡುವ ಪಾರದರ್ಶಕ ಪೈಪು ಅದು. ಒಂದೊಂದು ತುದಿಯನ್ನು ಒಂದೊಂದು ಕಾರ್ಬೊರೇಟರಿಗೆ ಸಿಕ್ಕಿಸಿ, ನಡುವೆ ನೀರು ತುಂಬಿ, ಇಬ್ಬರೂ ಬೈಕು ಶುರು ಮಾಡಿದರು. ನೀರು ಸರ್ರನೆ ಬಲಗಡೆ ಏರಿ ನೇರ ಇಂಜಿನಿನೊಳಗೆ ಹೋಯಿತು. ಬೈಕು ಕೆಮ್ಮಿ, ಬಿಳಿ ಹೊಗೆ ಕಾರಿ, ನಿಂತಿತು. ಒಗೆದು ಒಣಹಾಕಿದ್ದ ಟೇಬಲ್ ಬಟ್ಟೆಗಳೆಲ್ಲ ಹೊಗೆ ಕುಡಿದವು.

“ನಮ್ಮ ಗ್ವಾಡಿನೂ ನೀರ ಕುಡಿತೈತ್ರಿ,” ಎಂದ ರಾಚಪ್ಪ ಮೆಲ್ಲಗೆ, “ಆದ್ರ ಹಿಂಗ ಪೈಪ್ ಹಚ್ಚಿ ಕುಡಿಯಂಗಿಲ್ಲ.”

ನನಗೆ ನಗು ಬರಲಿಲ್ಲ. ಆ ಬಟ್ಟೆಗಳನ್ನು ಮತ್ತೆ ಒಗೆಯಬೇಕಾದವಳು ನಾನು.

ಇಂಜಿನನ್ನು ಒಣಗಿಸಿಕೊಂಡ ಮೇಲೆ ಇವರೇ ತಲೆ ಓಡಿಸಿ ಪೈಪನ್ನು ಇನ್ನಷ್ಟು ಉದ್ದ ಮಾಡಿದರು, ಹಲಗೆಗೆ ಹೊಡೆದರು, ನೀರಿನ ಬದಲು ದಪ್ಪ ಆಯಿಲ್ ತುಂಬಿದರು. ಸಾಧನ ಚೆನ್ನಾಗಿಯೇ ಆಯಿತು, ಅಷ್ಟು ಒಪ್ಪಬೇಕು. ಆಯಿಲ್ ನಿಧಾನವಾಗಿ ಬಲಗಡೆ ಏರಿತು. ಸ್ಕ್ರೂ ತಿರುಗಿಸಿ ಮಟ್ಟ ಸಮ ಮಾಡಿದಾಗ ಬೈಕು ಸಾಧು ಹಸುವಿನಂತೆ ನಿಂತಿತು, ಲೋಟಗಳೂ ಸುಮ್ಮನಾದವು. ನಾನು ಒಳಗಿನಿಂದ ಓಡಿ ಬಂದೆ. ಬರುವಷ್ಟರಲ್ಲಿ ಈ ಮಹಾರಾಯರು ಎರಡು ರಬ್ಬರ್ ಪೈಪು ಕಿವಿಗಿಟ್ಟುಕೊಂಡು, ಎಡದ್ದು ಸಣ್ಣಗೆ ಕೇಳುತ್ತದೆ ಎಂದು ಅದನ್ನು ಇನ್ನಷ್ಟು ತೆರೆದಿದ್ದರು. ಮತ್ತೆ ಗಡಗಡ. ಹಲಗೆಯನ್ನು ಎತ್ತಿ ಅವರ ತಲೆಯ ಮೇಲೆ ಹಾಕುವಷ್ಟು ಸಿಟ್ಟು ಬಂತು.

ಭಾನುವಾರ ಊಟದ ಗಿರಾಕಿಗಳು ಖಾಲಿಯಾದ ಹೊತ್ತಿಗೆ ಯಶವಂತ ಬಂದ. ಹುಟ್ಟಿ ಬೆಳೆದದ್ದೆಲ್ಲ ಸಂಭಾಜಿನಗರದಲ್ಲಿ, ಕನ್ನಡ ಅರ್ಧ, ಮಿಕ್ಕದ್ದು ಅಲ್ಲಿನದು. ಪೆಟ್ಟಿಗೆಯಿಂದ ತನ್ನ ಒಳ್ಳೆಯ ಮೀಟರು ತೆಗೆದು ಜೋಡಿಸಿದ.

“ಅಂಕಲ್, ರೈಟ್ ಜಾಸ್ತಿ ಖೀಂಚ್ ಮಾಡ್ತಾ ಇದೆ. ಲೆಫ್ಟ್ ಜಾಸ್ತಿ ಓಪನ್ ಇದೆ, ಅದಕ್ಕೇ ಅಲ್ಲಿ ಖೀಂಚ್ ಕಮ್ಮಿ. ಬಘಾ, ನೋಡಿ.”

“ನಿನ್ನ ಮೀಟರೂ ಸಮ ಇಲ್ಲ ಮಾರಾಯ,” ಎಂದರು ಇವರು.

ನನಗೆ ತಡೆಯಲಾಗಲಿಲ್ಲ. “ಒಂದು ಟೇಬಲಿನವ ಉಪ್ಪಿಲ್ಲ ಅಂದ್ರೆ ಅವನ ನಾಲಿಗೆ ಸರಿ ಇಲ್ಲ ಅನ್ನುವ. ಮೂರು ಟೇಬಲಿನವರೂ ಉಪ್ಪಿಲ್ಲ ಅಂದ್ರೆ ನೀವು ಎಂತ ಮಾಡ್ತೀರಿ? ಒಳಗೆ ಹೋಗಿ ಸಾಂಬಾರು ರುಚಿ ನೋಡ್ತೀರಿ ಅಲ್ವಾ? ಇಲ್ಲಿ ಎರಡು ಮೀಟರು, ನಿಮ್ಮ ಹಲಗೆ, ಮೂರೂ ಒಂದೇ ಸುಳ್ಳು ಹೇಳ್ತವಾ? ಕಿವಿಯ ಪೈಪು ಅದಲು ಬದಲು ಮಾಡಿ ನೋಡಿ.”

ಇವರು ನನ್ನ ಮುಖ ನೋಡಿದರು. ಆಮೇಲೆ ಎಡದ ಪೈಪನ್ನು ಬಲಗಿವಿಗೂ ಬಲದ್ದನ್ನು ಎಡಗಿವಿಗೂ ಇಟ್ಟುಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಎರಡನ್ನೂ ಇಳಿಸಿದರು.

“ಈಗ ಬಲದ ಪೈಪು ಸಣ್ಣಗೆ ಕೇಳ್ತದೆ,” ಎಂದರು.

ಯಶವಂತ ಬುದ್ಧಿವಂತ, ಕಾಫಿ ಬೇಕು ಎಂದು ಒಳಗೆ ನಡೆದ. ಇವರು ಹಲಗೆಯ ಪೈಪು ಜೋಡಿಸಿ, ಆಯಿಲ್ ಮಟ್ಟ ನೋಡಿಕೊಂಡು ಸ್ಕ್ರೂ ತಿರುಗಿಸಿ ಕೈ ತೆಗೆದರು. ಬೈಕು ಅಲುಗಾಡದೆ ಓಡತೊಡಗಿತು. ಲೋಟ ಹಿಡಿದು ಬಂದ ಯಶವಂತ, ಇಂಥದ್ದನ್ನು ಯಾರಾದರೂ ಕೊಡುತ್ತಾರಾ ಎಂದು ನನ್ನನ್ನೇ ಗದರಿಸಿ ಖಾಲಿ ಟೆಂಪೋದಲ್ಲಿ ವಾಪಸಾದ.

ಅವನು ಹೋದ ಮೇಲೆ ಇವರ ಬಲಗಡೆ ಹೋಗಿ ಕೂತೆ. “ಎಡಗಿವಿ ಯಾವಾಗಿಂದ ಹೀಗೆ?”

“ವರ್ಷ ಆಯ್ತು. ಗೊತ್ತಿತ್ತು ನಂಗೆ. ಒಂದು ಮೀಟರಾದ್ರೂ ನನ್ನ ಕಿವಿ ಸಮ ಉಂಟು ಅಂತ ಹೇಳ್ತದಾ ಅಂತ ನೋಡಿದ್ದು.”

ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಿತು ಕೂಡ. ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು. “ನನ್ನ ಮಾತು ಕೇಳದಿದ್ದಾಗ ನಿಮಗೆ ಒಬ್ಬ ಡಾಕ್ಟರನ್ನು ನೋಡ್ಬೇಕು ಅಂತ ಕಾಣ್ಲಿಲ್ಲ. ಈ ಗುಜರಿಯ ಸದ್ದು ಕೇಳದಿದ್ರೆ ಮಾತ್ರ ಇಷ್ಟೆಲ್ಲ ಸಾಮಾನು.”

ಅವರು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಹೇಳಿದರು: “ನಿನ್ನದು ಕೇಳದಿದ್ರೆ ನೀನು ಇನ್ನೊಮ್ಮೆ ಹೇಳ್ತಿ ಕುಸುಮ. ಅದು ಹೇಳುವುದಿಲ್ಲ.”