ಟಿಟ್ಟಿಭದ ಗೂಡಿನ ಮುಳ್ಳು

ತಿಪ್ಪಣ್ಣ, ಹನುಮಕ್ಕನ ಹೊಲದಲ್ಲಿ ಟಿಟ್ಟಿಭ ಹಕ್ಕಿಯ ಮೊಟ್ಟೆಗಳ ಸುತ್ತ ಇದ್ದ ಜಾಲಿಮುಳ್ಳನ್ನು ತೆಗೆದವನು ನಾನು. ನೀವಲ್ಲ. ನಾಲ್ಕು ವರ್ಷಗಳಿಂದ ಇದು ನನಗೊಬ್ಬನಿಗೇ ಗೊತ್ತಿದೆ.

ನಿಮಗೆ ನನ್ನ ನೆನಪಿರಲಿಕ್ಕಿಲ್ಲ. ಎಪ್ಪತ್ತೊಂಬತ್ತರ ಮೇ ತಿಂಗಳಲ್ಲಿ, ಕೂಡ್ಲಿಗಿಯ ಮೆಕ್ಯಾನಿಕ್ ಖಾಜಾನ ಮೋಟರ್ ಸೈಕಲ್ಲಿನ ಹಿಂದೆ ಕೂತು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಗುಡೇಕೋಟೆಗೆ ಬಂದಿದ್ದ ಕಾಲೇಜು ಹುಡುಗ ನಾನು. ಐದು ದಿನ, ನಾಲ್ಕು ತಾಲ್ಲೂಕು — ಕಂಡ ಪ್ರತಿ ಹಕ್ಕಿಯನ್ನೂ ಹೊತ್ತು, ಜಾಗ, ಸಂಖ್ಯೆ ಸಮೇತ ಡೈರಿಯಲ್ಲಿ ಬರೆಯುತ್ತಿದ್ದೆ. "ಲೇ, ಹಕ್ಕಿ ನೋಡಾಕ ಬಂದೀಯೋ, ಜನಗಣತಿಗೆ ಬಂದೀಯೋ?" ಎಂದು ಖಾಜಾ ನಗುತ್ತಿದ್ದ.

ಗೂಡು ತೋರಿಸಿದ್ದು ಹನುಮಕ್ಕನೇ. ಗೂಡೆಂದರೇನು — ಬರಿ ನೆಲ, ನಾಲ್ಕು ಬೆಣಚುಕಲ್ಲು, ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. "ತಿಪ್ಪನ ಆಡು ತುಳೀಬಾರ್ದು ಅಂತ ಮುಳ್ಳು ಹಾಕೀನ್ರಿ. ದೂರ ನಿಂತು ನೋಡ್ರಿ," ಎಂದು ಹೇಳಿ ಅವರು ಮನೆಗೆ ಹೋದರು.

ಮುಳ್ಳಿನ ನೆರಳು ಮೊಟ್ಟೆಗಳ ಮೇಲೆ ಗೀರುಗೀರಾಗಿ ಬಿದ್ದಿತ್ತು. ಖಾಜಾ ದೂರದ ದಾರಿಯಲ್ಲಿ ಗಾಡಿಯ ಬಳಿಯೇ ಇದ್ದ. ಚಿತ್ರ ಕೆಡುತ್ತದೆಂದು ಮುಳ್ಳನ್ನೆತ್ತಿ ಬದುವಿನಾಚೆ ಎಸೆದೆ. ಆ ದಿನದ ಪುಟ ಈಗಲೂ ನನ್ನ ಮುಂದಿದೆ: "೧೦.೪೦ — ಮುಳ್ಳು ತೆಗೆದೆ. ೧೦.೫೦ — ಆರು ಚಿತ್ರ. ೧೦.೫೫ — ಹೊರಟೆವು." ಮರಳಿ ಇಟ್ಟೆ ಎಂಬ ಸಾಲು ಇಲ್ಲ. ಇಡಲಿಲ್ಲ.

ಮರೆತೆ ಎಂದು ಹೇಳಿ ನಿಲ್ಲಿಸಬಹುದಿತ್ತು... ಆದರೆ ಅಂದು ಸಂಜೆ ಕೊಟ್ಟೂರಿನಲ್ಲಿ ಡೈರಿ ಬರೆಯುವಾಗ ನೆನಪಾಯಿತು. ಹಿಂದಿರುಗಿದ್ದರೆ ಹಗರಿಬೊಮ್ಮನಹಳ್ಳಿಯ ಕೆರೆ ತಪ್ಪುತ್ತಿತ್ತು, ಪಟ್ಟಿಯಲ್ಲಿ ಹತ್ತು ಹಕ್ಕಿ ಕಡಿಮೆಯಾಗುತ್ತಿದ್ದವು — ನಾನು ಪಟ್ಟಿಯನ್ನು ಆರಿಸಿಕೊಂಡೆ. ಖಾಜಾನಿಗೂ ಹೇಳಲಿಲ್ಲ.

ಹಡಗಲಿ, ಹರಪನಹಳ್ಳಿ ಮುಗಿಸಿ ಐದನೆಯ ದಿನ ಮರಳಿ ಬಂದಾಗ ಪಟ್ಟಿಯಲ್ಲಿ ಅರವತ್ತೊಂದು ಜಾತಿ. ಹೊಲದಲ್ಲಿ ಒಡೆದ ನಾಲ್ಕು ಮೊಟ್ಟೆ, ಆಡಿನ ಗೊರಸಿನ ಗುರುತು, ಮೇಲೆ ಕೂಗುತ್ತ ಸುತ್ತುವ ಎರಡು ಹಕ್ಕಿ.

"ಯಕ್ಕಾ, ಮುಳ್ಳು ಇರ್ಲೇ ಇಲ್ಲಬೇ. ನಾ ಕಿತ್ತಿಲ್ಲ," ಎಂದಿರಿ ನೀವು.

"ಮುಳ್ಳಿಗೆ ಕಾಲು ಬಂದಾವೇನಲೇ? ಇನ್ನ ನಿನ್ನ ಆಡು ನನ್ನ ಹೊಲಕ್ಕ ಕಾಲಿಡಬಾರ್ದು!"

ನೀವು ನನ್ನ ಕಡೆ ನೋಡಿದಿರಿ — ಸಾಕ್ಷಿ ಹೇಳುವವನನ್ನು ನೋಡುವಂತೆ. ನಾನು ಕ್ಯಾಮೆರಾದ ಮುಚ್ಚಳ ಹಾಕುತ್ತಿದ್ದೆ.

ಅಂದಿನಿಂದ ನೀವು ಆಡುಗಳನ್ನು ದೂರದ ಗುಡ್ಡದವರೆಗೆ ನಡೆಸಿಕೊಂಡು ಹೋಗುತ್ತೀರೆಂದು ಖಾಜಾ ಹೇಳಿದ. ನನ್ನ ಚಿತ್ರವನ್ನು ಹಲವರು ಮೆಚ್ಚಿದರು. ಮೊಟ್ಟೆಗಳ ಮೇಲೆ ಒಂದು ಗೀರು ನೆರಳೂ ಇಲ್ಲ.

ಮೊನ್ನೆ ಖಾಜಾನ ಕಾಗದ ಬಂತು. "ಹನುಮಕ್ಕನ ಹೊಲದಾಗ ಟಿಟ್ಟಿಭ ಮತ್ತ ಮೊಟ್ಟಿ ಇಟ್ಟೈತಿ, ನಾಲ್ಕು. ಬರಕೋ! ಮುಳ್ಳು ಹಾಕಿದಾಂವ ಯಾರು ಗೊತ್ತೇನಲೇ? ತಿಪ್ಪಣ್ಣ. ಆಡು ಹೊರಗ ನಿಲ್ಲಿಸಿ, ತಾನೊಬ್ಬನ ಒಳಗ ಹೋಗಿ ಹಾಕ್ಯಾನ. ಹನುಮಕ್ಕ ನೋಡಿನೂ ಸುಮ್ನದಾಳ."

ಅವರು ನಿಮ್ಮನ್ನು ತಡೆದಿಲ್ಲ. ಹಾಗಾದರೆ ಇನ್ನೂ ಹೊತ್ತು ಮೀರಿಲ್ಲ — ಹಾಗೆಂದು ನಂಬಿದ್ದೇನೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ನಿಮ್ಮಿಬ್ಬರ ಎದುರಿಗೆ ಬದುವಿನ ಮೇಲೆ ನಿಂತು, ಡೈರಿಯ ಆ ಪುಟ ತೆರೆದು, ೧೦.೪೦ರ ಸಾಲನ್ನು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಹನುಮಕ್ಕ ಏನಂದರೂ ಅದು ನನಗೇ ಸಲ್ಲಬೇಕಾದದ್ದು. ನಿಮ್ಮ ಆಡುಗಳು ಮತ್ತೆ ಆ ಹೊಲದಲ್ಲಿ ಮೇಯಲಿ — ಮುಳ್ಳನ್ನು ಬಿಟ್ಟು, ಅದರ ಸುತ್ತ.