ಕಲಾಯಿ ನಿಲ್ಲದ ತಪ್ಪಲೆ

೧೯೫೮ರಲ್ಲಿ ನನಗೆ ಸೊರಬದಿಂದ ಶಿಕಾರಿಪುರದ ಶಾಲೆಗೆ ವರ್ಗವಾಯಿತು. ಮನೆಯಲ್ಲಿ ನಾನು, ನನ್ನ ಹೆಂಡತಿ ಗಿರಿಜೆ ಇಬ್ಬರೇ. ಹಿಂದಿನ ವರ್ಷ ಸೊರಬದಲ್ಲಿ ನಮ್ಮ ಎರಡು ವರ್ಷದ ಮಗು ವಾಂತಿಭೇದಿಯಿಂದ ತೀರಿಕೊಂಡಿತ್ತು. ಆ ವಿಷಯವನ್ನು ನಾವು ಮಾತಾಡುತ್ತಿರಲಿಲ್ಲ.

ಗಿರಿಜೆಯ ತವರು ಸೊರಬದ ಹತ್ತಿರದ ಜಡೆ ಎಂಬ ಊರು. ಪಾತ್ರೆಗಳನ್ನು ಫಳಫಳ ಎನ್ನುವಂತೆ ಇಡುತ್ತಿದ್ದಳು. ಜಡೆಯವರ ಶುಚಿಯೇ ಶುಚಿ ಎಂದು ನಾನು ಶಾಲೆಯಲ್ಲಿ ಹೇಳಿಕೊಂಡದ್ದೂ ಉಂಟು. ಆದರೆ ಹಿತ್ತಾಳೆ ತಪ್ಪಲೆಯೊಳಗೆ ಕಿಲುಬು ಏಳದಂತೆ ಹಾಕಿಸಿದ ತವರದ ಕಲಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಆರು ತಿಂಗಳು ಬರಬೇಕಾದದ್ದು ಮೂರೇ ವಾರಕ್ಕೆ ಹೋಗುತ್ತಿತ್ತು. ಮೂರನೆಯ ಸಲವೂ ಹಾಗಾದಾಗ, ಒಂದು ಭಾನುವಾರ ಬೆಳಿಗ್ಗೆ ತಪ್ಪಲೆ ಹಿಡಿದು ಕಲಾಯಿ ಖಾದರ್ ಸಾಬರ ಹತ್ತಿರ ಜಗಳಕ್ಕೇ ಹೋದೆ.

"ಸಾಬ್ರೇ, ನೀವು ಹಚ್ಚಿದ್ದು ತವರವೋ ಸುಣ್ಣವೋ?"

"ಸುಣ್ಣ ಆಗಿದ್ರೆ ನಿಮ್ಮ ಸಾಲಿ ಗೋಡಿಗೇ ಬಳೀತಿದ್ನಲ್ರಿ ಮೇಷ್ಟ್ರೇ" ಎಂದು ನಕ್ಕು ತಪ್ಪಲೆ ಇಸಿದುಕೊಂಡರು. ಬಿಸಿಲಿಗೆ ಹಿಡಿದು ಒಳಗೆಲ್ಲ ಹೆಬ್ಬೆರಳು ಆಡಿಸಿದರು. ಆಮೇಲೆ ನಗಲಿಲ್ಲ.

"ಅಡಿಗಿಗೆ ಹೋಗೋ ಕಲಾಯಿ ತಳದಾಗ ಮೊದಲು ಹೋಗ್ತತಿ. ಇಲ್ನೋಡ್ರಿ, ತಳ, ಪಕ್ಕ, ಕಂಠ ಎಲ್ಲಾ ಒಂದೇ ಸಮ. ಇದು ತಿಕ್ಕಿ ತಿಕ್ಕಿ ಹೋಗಿದ್ದು. ಅಮ್ಮೋರ ಕೈ ನೋಡೀರೇನ್ರಿ?"

ನಾನು ನೋಡಿರಲಿಲ್ಲ.

"ನನ್ನ ತಂಗಿ ಹಿಂಗೇ ಬಾಗಿಲ ಚಿಲಕ ಹಾಕೈತೋ ಇಲ್ಲೋ ಅಂತ ನೋಡಿದ್ದೇ ನೋಡಿದ್ಲು. ನಾವು ನಕ್ವಿ, ಬೈದ್ವಿ, ತಾಯತ ಕಟ್ಟಿಸಿದ್ವಿ. ಎರಡು ವರ್ಷ ಹಾಳಾತು. ಜ್ವರ ಬಂದಂಗೆ ಇದೂ ಒಂದು ಬ್ಯಾನಿ ಅಂತ ಶಿವಮೊಗ್ಗದ ಡಾಕ್ಟ್ರು ಹೇಳಿದ ಮ್ಯಾಲೆ ದಾರಿ ಕಾಣ್ತು. ನೀವು ತಡ ಮಾಡಬ್ಯಾಡ್ರಿ."

ಮನೆಗೆ ಬಂದಾಗ ಗಿರಿಜೆ ಹಿತ್ತಲಲ್ಲಿ ಬೂದಿ, ತೆಂಗಿನ ನಾರು ಇಟ್ಟುಕೊಂಡು ಇನ್ನೊಂದು ಪಾತ್ರೆ ತಿಕ್ಕುತ್ತಿದ್ದಳು. ಬೆರಳ ಸಂದುಗಳು ಒಡೆದು ನೀರು ಕೆಂಪಗಾಗಿತ್ತು.

"ಸಾಕು ಬಿಡು" ಎಂದೆ.

"ಕಿಲುಬು ಹೋಗಿಲ್ಲ ನೋಡಿ. ಮಗೂಗೆ ಅದೇ ಅಲ್ವಾ ಆಗಿದ್ದು. ಕಲಾಯಿ ಹೋದ ಪಾತ್ರೇಲಿ ನಾನೇ ಗಂಜಿ ಮಾಡಿ ಕುಡಿಸಿದ್ದೆ."

"ನೀರಿನಿಂದ ಬಂದದ್ದು ಅಂತ ಸೊರಬದ ಡಾಕ್ಟರು ಹೇಳಿದ್ರಲ್ಲೇ."

ಅವಳು ಕೈ ನಿಲ್ಲಿಸಿದಳು. "ನಿಮಗೆ ಹೇಳಿರಬೇಕು. ನಂಗ್ಯಾರೂ ಹೇಳ್ಲಿಲ್ಲ."

ನಿಜ. ಅವಳಿಗೆ ದುಃಖ ಹೆಚ್ಚಾದೀತೆಂದು ನಾನೇ ಹೇಳಿರಲಿಲ್ಲ. ಕಿಲುಬಿಗೆ ಹೆದರಿ ಅವಳು ತಿಕ್ಕುತ್ತಿದ್ದಳು. ತಿಕ್ಕಿದಷ್ಟೂ ಕಲಾಯಿ ಹೋಗಿ ಕಿಲುಬು ಏಳುತ್ತಿತ್ತು.

ಆ ವಾರವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಅವಳ ಮಾತನ್ನು ಪೂರ್ತಿ ಕೇಳಿದರು. ಔಷಧಿ ಕೊಟ್ಟು, ದಿನಕ್ಕಿಷ್ಟು ಹೊತ್ತು ಮಾತ್ರ ತಿಕ್ಕಬೇಕು, ವಾರವಾರ ಅದನ್ನೂ ಸ್ವಲ್ಪ ಕಡಿಮೆ ಮಾಡಬೇಕು ಎಂದರು. ಬೇಗ ವಾಸಿಯಾಗಲಿಲ್ಲ. ಕೆಲವು ದಿನ ಅಳುತ್ತ ನಾರು ಎತ್ತಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಮಗುವಿನ ಮಾತು ಶುರುವಾದದ್ದು ಆ ಹಿತ್ತಲಿನಲ್ಲೇ.

ಮರುವರ್ಷದ ಯುಗಾದಿಗೆ ಮುಂಚೆ ವಾಡಿಕೆಯಂತೆ ತಪ್ಪಲೆ ಒಯ್ದೆ. ಸಾಬರು ಹೆಬ್ಬೆರಳು ಆಡಿಸಿ ನೋಡಿ, "ಇದನ್ಯಾಕ್ ತಂದ್ರಿ ಮೇಷ್ಟ್ರೇ, ಕಲಾಯಿ ಇನ್ನೂ ಐತಲ್ಲ" ಎಂದು ಹಾಗೇ ವಾಪಸ್ಸು ಕೊಟ್ಟರು.

ಈಗಲೂ ಗಿರಿಜೆ ಒಮ್ಮೊಮ್ಮೆ ತಿಕ್ಕಿದ ಪಾತ್ರೆಯನ್ನೇ ಮತ್ತೆ ಎತ್ತಿಕೊಳ್ಳುತ್ತಾಳೆ, ಆಮೇಲೆ ತಾನೇ ಇಳಿಸುತ್ತಾಳೆ. ಕಲಾಯಿಯವರು ಕೇಳುವವರೆಗೆ ಒಂದೇ ಮನೆಯಲ್ಲಿದ್ದ ನಾನು ಅವಳ ಕೈ ನೋಡಿರಲಿಲ್ಲ ಎಂಬುದು ನನಗೆ ಇನ್ನೂ ನಾಚಿಕೆ ತರುತ್ತದೆ.